ಸುಳಿ ಗಾಳಿಯನ್ನು ತಳ್ಳುತ್ತದೋ, ಗಾಳಿ ಸುಳಿಯನ್ನೋ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಜೆಟ್ ಸ್ಟ್ರೀಮ್ ಬಗ್ಗೆ ಇವೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೋರು ಗಾಳಿಯ ಪಟ್ಟಿ ಅದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು ಇದೊಂದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಹೊಳೆ ಎಲೆಯನ್ನು ಹೊತ್ತೊಯ್ಯುವ ಹಾಗೆ ಜೆಟ್ ಸ್ಟ್ರೀಮ್ ಬಿರುಗಾಳಿಗಳನ್ನು ಹೊತ್ತೊಯ್ಯುತ್ತದೆ ಅಂತ ಓದಿದ್ದೆ. ಇನ್ನೊಂದು ಕಡೆ, ಬಿರುಗಾಳಿಗಳೇ ಜೆಟ್ ಸ್ಟ್ರೀಮನ್ನು ಓಡಿಸುತ್ತವೆ ಅಂತಿತ್ತು. ಯಾವುದು ಸರಿ?

ಉತ್ತರ: ಎರಡೂ ಸರಿ. ಎಲೆಯ ಹೋಲಿಕೆ ಮಾತ್ರ ಬಿಟ್ಟುಬಿಡಿ. ಎಲೆ ಹೊಳೆಗೆ ಏನನ್ನೂ ವಾಪಸ್ ಕೊಡುವುದಿಲ್ಲ. ಇಲ್ಲಿ ಸುಳಿಗಳು ಕೊಡುತ್ತವೆ, ಮತ್ತು ಕೊಡುವುದು ಸಣ್ಣ ಮೊತ್ತವಲ್ಲ.

ಸುಳಿ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಹವಾಮಾನ ನಕ್ಷೆಯಲ್ಲಿ ಕಡಿಮೆ ಒತ್ತಡ, ಹೆಚ್ಚು ಒತ್ತಡ ಅಂತ ಗುರುತು ಹಾಕಿರುತ್ತಾರಲ್ಲ, ಮಧ್ಯ ಅಕ್ಷಾಂಶಗಳಲ್ಲಿ ಒಂದರ ಹಿಂದೆ ಒಂದು ಪೂರ್ವಕ್ಕೆ ಸಾಗುವ ದೊಡ್ಡ ದೊಡ್ಡ ಸುತ್ತುಗಳು, ಅವೇ ಈ ಸುಳಿಗಳು. ಒಂದು ಕಡಿಮೆ ಒತ್ತಡದಿಂದ ಮುಂದಿನ ಕಡಿಮೆ ಒತ್ತಡಕ್ಕೆ ಸುಮಾರು 4000 ಕಿ.ಮೀ. ದೂರ. ಆಯಸ್ಸು ಕೆಲವೇ ದಿನ. ಜೆಟ್ ಸ್ಟ್ರೀಮ್ ಇರುವುದು ಇವುಗಳ ನೆತ್ತಿಯ ಮೇಲೆ, 9ರಿಂದ 12 ಕಿ.ಮೀ. ಎತ್ತರದಲ್ಲಿ. ವೇಗ ಸಾಮಾನ್ಯವಾಗಿ ಗಂಟೆಗೆ 100ರಿಂದ 200 ಕಿ.ಮೀ.; ಚಳಿಗಾಲದಲ್ಲಿ 300 ದಾಟುವುದೂ ಉಂಟು. 1920ರ ದಶಕದಲ್ಲೇ ಜಪಾನಿನ ವಾಸಬುರೊ ಓಯಿಶಿ ಬಲೂನು ಹಾರಿಸಿ ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ಅರ್ಥವಾಗಲಿ ಅಂತ ಅವರು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಹೊರಗಿನವರು ಹೆಚ್ಚಾಗಿ ಅದನ್ನು ಓದಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಎತ್ತರಕ್ಕೆ ಹಾರಿದ ಬಾಂಬರ್ ವಿಮಾನಗಳು ಎದುರುಗಾಳಿಗೆ ಸಿಕ್ಕಿ ತಡವರಿಸಿದಾಗಲೇ ಉಳಿದವರ ಗಮನ ಅತ್ತ ಹೋಯಿತು. ಇದನ್ನು ನೆನೆದಾಗೆಲ್ಲ ನನಗೆ ಬೇಸರವಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಸಮಭಾಜಕ ವೃತ್ತದ ಮೇಲಿನ ನೆಲ ಭೂಮಿಯ ತಿರುಗುವಿಕೆಯಿಂದಾಗಿ ಸೆಕೆಂಡಿಗೆ 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿರುತ್ತದೆ. ಅಲ್ಲಿಯ ಗಾಳಿಯೂ ಅಷ್ಟೇ. ಆ ಗಾಳಿ ಮೇಲೇರಿ ಧ್ರುವದ ಕಡೆ ಹೊರಟರೆ ಭೂಮಿಯ ಅಕ್ಷಕ್ಕೆ ಹತ್ತಿರವಾಗುತ್ತಾ ಹೋಗುತ್ತದೆ. ಬುಗುರಿಯ ಹಾಗೆ ತಿರುಗುತ್ತಿರುವ ನರ್ತಕಿ ಚಾಚಿದ ಕೈಗಳನ್ನು ಒಳಗೆ ಎಳೆದುಕೊಂಡರೆ ತಿರುಗುವ ವೇಗ ಜಾಸ್ತಿ ಆಗುತ್ತದೆ, ಅಲ್ವಾ? ಇಲ್ಲೂ ಅದೇ. ತಿರುಗುವ ಸಂವೇಗ, ಅಂದರೆ ಗಾಳಿ ಹೊತ್ತು ತಂದ ಚಲನೆಯ ಮೊತ್ತ, ಒಂದಿಷ್ಟೂ ಕಳೆದುಹೋಗದಿದ್ದರೆ, 30 ಡಿಗ್ರಿ ಅಕ್ಷಾಂಶ ಮುಟ್ಟುವ ಹೊತ್ತಿಗೆ ಆ ಗಾಳಿ ನೆಲಕ್ಕಿಂತ ಸೆಕೆಂಡಿಗೆ 134 ಮೀಟರ್, ಅಂದರೆ ಗಂಟೆಗೆ 480 ಕಿ.ಮೀ. ಜೋರಾಗಿ ಓಡಬೇಕು. ಆದರೆ ಅಲ್ಲಿ ಭೂಮಿಯ ಸುತ್ತಲೂ ಸರಾಸರಿ ತೆಗೆದರೆ ಸಿಗುವ ಚಳಿಗಾಲದ ಜೆಟ್ಟಿನ ವೇಗ ಇದರ ಮೂರನೇ ಒಂದು ಭಾಗದ ಹತ್ತಿರ ಅಷ್ಟೇ.

ಉಳಿದದ್ದು ಎಲ್ಲಿ ಹೋಯಿತು? ಬಹುಪಾಲನ್ನು ಸುಳಿಗಳು ಹೊತ್ತುಕೊಂಡು ಹೋದವು. ಹೊತ್ತದ್ದನ್ನು ಇನ್ನೂ ಧ್ರುವದ ಕಡೆಗೆ, 40ರಿಂದ 60 ಡಿಗ್ರಿ ನಡುವೆ, ತಂದು ಸುರಿದವು. ಅಲ್ಲಿ ಎರಡನೆಯ ಜೆಟ್ ಕಟ್ಟಿಕೊಂಡಿತು. ವಿಜ್ಞಾನಿಗಳು ಅದನ್ನು ಸುಳಿಗಳು ಓಡಿಸುವ ಜೆಟ್ ಅಂತಲೇ ಕರೆಯುತ್ತಾರೆ. ಮೊದಲನೆಯದು ಬಹುತೇಕ ಮೇಲ್ಮಟ್ಟದಲ್ಲೇ ಇರುತ್ತದೆ; ಎರಡನೆಯದು ನೆಲದ ತನಕ ಇಳಿದಿರುತ್ತದೆ. ಮಧ್ಯ ಅಕ್ಷಾಂಶದ ಸಮುದ್ರಗಳ ಮೇಲೆ ಸದಾ ಬೀಸುವ ಪಶ್ಚಿಮ ಗಾಳಿ ಇದರದ್ದೇ ಬುಡ.

ಸುಳಿಗಳಿಗೆ ಶಕ್ತಿ ಎಲ್ಲಿಂದ ಬಂತು ಅಂದರೆ, ಬಿಸಿ ಮತ್ತು ಚಳಿಯ ನಡುವಿನ ಅಂತರದಿಂದ. ಸಮಭಾಜಕದ ಕಡೆ ಬಿಸಿ, ಧ್ರುವದ ಕಡೆ ಚಳಿ. ಈ ಅಂತರ ಹೆಚ್ಚಿದಷ್ಟೂ ಕೆಳಗಿಗಿಂತ ಮೇಲೆ ಗಾಳಿ ಜೋರಾಗುತ್ತದೆ. ಒಂದು ಹಂತದ ನಂತರ ಆ ಹರಿವು ನೆಟ್ಟಗೆ ನಿಲ್ಲಲಾರದು. ಸಣ್ಣ ಅಲುಗಾಟವೂ ಕೆಲವೇ ದಿನಗಳಲ್ಲಿ ಬೆಳೆದು ಸುಳಿಯಾಗುತ್ತದೆ. 1947ರಲ್ಲಿ ಜೂಲ್ ಚಾರ್ನಿ, 1949ರಲ್ಲಿ ಎರಿಕ್ ಈಡಿ ಇದನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತೋರಿಸಿದರು. 1950ರ ದಶಕದಲ್ಲಿ ಶಿಕಾಗೊದಲ್ಲಿ ಡೇವ್ ಫುಲ್ಟ್ಸ್ ಇದನ್ನು ಕಣ್ಣಿಗೇ ಕಾಣುವ ಹಾಗೆ ಮಾಡಿದರು: ನೀರು ತುಂಬಿದ ದುಂಡನೆಯ ಪಾತ್ರೆ, ಅಂಚಿಗೆ ಬಿಸಿ, ನಡುವಿಗೆ ತಂಪು. ನಿಧಾನಕ್ಕೆ ತಿರುಗಿಸಿದರೆ ನೀರು ಸುಮ್ನೆ ಉಂಗುರದ ಹಾಗೆ ಸುತ್ತುತ್ತದೆ. ವೇಗ ಹೆಚ್ಚಿಸಿದರೆ ಉಂಗುರ ಒಡೆದು, ಅಂಕುಡೊಂಕಾದ ಹರಿವು ಮತ್ತು ಅದರ ಪಕ್ಕದಲ್ಲಿ ಸುಳಿಗಳು ಹುಟ್ಟುತ್ತವೆ. ಪರ್ವತ ಇಲ್ಲ, ಸಮುದ್ರ ಇಲ್ಲ, ಮೋಡ ಇಲ್ಲ, ಆದರೂ ಜೆಟ್ ಮತ್ತು ಸುಳಿ ಎರಡೂ ಜೊತೆಯಾಗಿ ಬಂದುಬಿಡುತ್ತವೆ.

ಪ್ರಶ್ನೆ: ಸುಳಿ ಅಂದರೆ ಕಲಸುವುದು. ಕಲಸಿದರೆ ವೇಗದ ವ್ಯತ್ಯಾಸ ಅಳಿಸಿಹೋಗಬೇಕಲ್ಲ? ಜೋರಾಗಿರುವ ಗಾಳಿಯನ್ನು ಇನ್ನೂ ಜೋರು ಮಾಡುವುದು ಹೇಗೆ ಸಾಧ್ಯ?

ಉತ್ತರ: ಬಂದ ಪ್ರಶ್ನೆಗಳಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ಇದು. ಈ ಸಂಶಯ ಬರಲಿಲ್ಲ ಅಂದರೆ ವಿಷಯ ಪೂರ್ತಿ ಮನಸ್ಸಿಗೆ ಇಳಿದಿಲ್ಲ ಅಂತಲೇ ಅರ್ಥ. ನಾವು ದಿನಾ ನೋಡುವ ಸಣ್ಣ ಸುಳಿಗಳು ನೀವು ಹೇಳಿದ ಹಾಗೇ ನಡೆದುಕೊಳ್ಳುತ್ತವೆ: ವೇಗ ಇರುವಲ್ಲಿಂದ ತೆಗೆದು ಇಲ್ಲದಲ್ಲಿಗೆ ಕೊಡುತ್ತವೆ. ವಾತಾವರಣದ ದೊಡ್ಡ ಸುಳಿಗಳು ತದ್ವಿರುದ್ಧ. 1926ರಲ್ಲೇ ಬ್ರಿಟನ್ನಿನ ಹೆರಾಲ್ಡ್ ಜೆಫ್ರೀಸ್, ನೆಲದ ಘರ್ಷಣೆ ಹೀರಿಕೊಳ್ಳುವ ಸಂವೇಗವನ್ನು ಯಾರೋ ತುಂಬಿಕೊಡುತ್ತಿರಲೇಬೇಕು, ಆ ಕೆಲಸ ಸುಳಿಗಳದ್ದೇ ಇರಬೇಕು ಅಂತ ವಾದಿಸಿದ್ದರು. ಅಳೆದು ನೋಡುವುದಕ್ಕೆ ಆಗ ಮೇಲ್ಮಟ್ಟದ ಮಾಹಿತಿಯೇ ಸಾಕಷ್ಟಿರಲಿಲ್ಲ. ಯುದ್ಧದ ನಂತರ ಬಲೂನುಗಳ ಜಾಲ ಬೆಳೆಯಿತು. ಎಂ.ಐ.ಟಿ.ಯಲ್ಲಿ ವಿಕ್ಟರ್ ಸ್ಟಾರ್ ಮತ್ತು ಅವರ ಜೊತೆಗಾರರು ಆ ಅಂಕಿಗಳನ್ನು ಕೂಡಿಸಿ ಕಳೆದು ನೋಡಿದಾಗ, ಸುಳಿಗಳು ಸಂವೇಗವನ್ನು ಜೆಟ್ಟಿನ ಒಳಕ್ಕೇ ತುಂಬುತ್ತಿರುವುದು ಖಚಿತವಾಯಿತು. ಸ್ಟಾರ್ ಇದನ್ನು ಋಣ ಸ್ನಿಗ್ಧತೆ ಅಂತ ಕರೆದರು. ಅಂದರೆ ಅಂಟುತನ ತಲೆಕೆಳಗಾದ ಹಾಗೆ.

ಇದು ಹೇಗೆ ಅಂತ ತಿಳಿಯಲು ಸುಳಿಯ ಆಕಾರ ನೋಡಬೇಕು. ಉತ್ತರ ಗೋಳಾರ್ಧವನ್ನೇ ತೆಗೆದುಕೊಳ್ಳೋಣ. ಪೂರ್ತಿ ದುಂಡಗಿರುವ ಸುಳಿಯನ್ನು ಊಹಿಸಿಕೊಳ್ಳಿ. ಅದರ ಒಂದು ಪಕ್ಕದಲ್ಲಿ ಗಾಳಿ ಉತ್ತರಕ್ಕೆ, ಇನ್ನೊಂದು ಪಕ್ಕದಲ್ಲಿ ದಕ್ಷಿಣಕ್ಕೆ ಹೋಗುತ್ತದೆ. ಪೂರ್ವದ ವೇಗವನ್ನು ಅತ್ತ ಒಯ್ದಷ್ಟೇ ಇತ್ತ ತರುತ್ತದೆ. ಒಟ್ಟು ಸೊನ್ನೆ. ಈಗ ಆ ದುಂಡನ್ನು ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಎಳೆಯಿರಿ. ಈಗ ಉತ್ತರಕ್ಕೆ ಹೋಗುವ ಗಾಳಿ ಪೂರ್ವಕ್ಕೂ ಓಡುತ್ತಿರುತ್ತದೆ, ದಕ್ಷಿಣಕ್ಕೆ ಬರುವ ಗಾಳಿ ಪಶ್ಚಿಮಕ್ಕೂ ಸರಿಯುತ್ತಿರುತ್ತದೆ. ಪ್ರತಿ ಸುತ್ತಿಗೂ ಪೂರ್ವದ ಸಂವೇಗ ಉತ್ತರಕ್ಕೆ ಸಾಗುತ್ತದೆ. ಜೆಟ್ಟಿನ ದಕ್ಷಿಣ ಮಗ್ಗುಲಲ್ಲಿ ಸುಳಿಗಳು ಹೀಗೆ ಓರೆಯಾಗುತ್ತವೆ. ಉತ್ತರ ಮಗ್ಗುಲಲ್ಲಿ ಓರೆ ತಿರುಗುಮುರುಗು, ವಾಯವ್ಯದಿಂದ ಆಗ್ನೇಯಕ್ಕೆ. ಅಲ್ಲಿ ಸಂವೇಗ ದಕ್ಷಿಣಕ್ಕೆ ಬರುತ್ತದೆ. ಎರಡೂ ಕಡೆಯಿಂದ ಬಂದದ್ದು ನಡುವಿನ ಜೆಟ್ಟಿಗೇ ಸೇರುತ್ತದೆ. ಮೇಲಿನಿಂದ ನೋಡಿದರೆ ಇಡೀ ಸುಳಿ ಪೂರ್ವಕ್ಕೆ ಗುರಿಯಿಟ್ಟ ಬಿಲ್ಲಿನ ಹಾಗೆ ಕಾಣುತ್ತದೆ.

ಇದನ್ನು ಬಿಲ್ಲಿನ ಹಾಗೆ ಬಗ್ಗಿಸಿದ್ದು ಯಾರು? ಜೆಟ್ಟೇ. ನಡುವೆ ಗಾಳಿ ಜೋರಾಗಿರುವುದರಿಂದ ಸುಳಿಯ ನಡು ಮುಂದಕ್ಕೆ ಓಡುತ್ತದೆ, ತುದಿಗಳು ಹಿಂದೆ ಉಳಿಯುತ್ತವೆ. ಹಾಗೆ ಬಗ್ಗಿದ ಸುಳಿ ತಿರುಗಿ ಜೆಟ್ಟನ್ನೇ ಪೋಷಿಸುತ್ತದೆ. ನೀವು ಮೊದಲು ಯಾವುದು ಅಂತ ಕೇಳಿದರೆ ಬೀಜ ಮೊದಲೋ ಮರ ಮೊದಲೋ ಅಂತ ಕೇಳಿದ ಹಾಗಾಗುತ್ತದೆ.

ಇನ್ನೊಂದು ದಾರಿಯಿಂದಲೂ ಇದನ್ನು ನೋಡಬಹುದು. ಸುಳಿಗಳು ಏಳುವ ಜಾಗದಿಂದ ರಾಸ್ಬಿ ಅಲೆಗಳು ಉತ್ತರ ದಕ್ಷಿಣ ಎರಡೂ ಕಡೆಗೆ ಹೊರಡುತ್ತವೆ. ಭೂಮಿಯ ತಿರುಗುವಿಕೆಯ ಪರಿಣಾಮ ಅಕ್ಷಾಂಶದಿಂದ ಅಕ್ಷಾಂಶಕ್ಕೆ ಬದಲಾಗುವುದರಿಂದ ಹುಟ್ಟುವ ಅಲೆಗಳು ಇವು. 1939ರಲ್ಲಿ ಇವುಗಳ ಗಣಿತ ಕೊಟ್ಟ ಕಾರ್ಲ್-ಗುಸ್ತಾಫ್ ರಾಸ್ಬಿ ಅವರ ಹೆಸರು ಇವಕ್ಕೆ ಉಳಿದಿದೆ. ಈ ಅಲೆಗಳು ತಮ್ಮ ಜೊತೆ ಪಶ್ಚಿಮದ ಕಡೆಗಿನ ತಳ್ಳನ್ನು ಒಯ್ಯುತ್ತವೆ. ದೂರ ಹೋಗಿ, ದಡಕ್ಕೆ ಬಂದ ತೆರೆಯ ಹಾಗೆ ಮಗುಚಿ ಒಡೆದಾಗ ಅದನ್ನು ಅಲ್ಲಿ ಇಳಿಸುತ್ತವೆ. ಅಲ್ಲಿ ಗಾಳಿ ನಿಧಾನವಾಗುತ್ತದೆ. ಅಲೆ ಹೊರಟ ಜಾಗದಲ್ಲಿ ಅಷ್ಟೇ ಪ್ರಮಾಣದ ಪೂರ್ವದ ತಳ್ಳು ಉಳಿಯುತ್ತದೆ. ಹಾಗಾಗಿ ಎಲ್ಲಿ ಸುಳಿಗಳು ಜಾಸ್ತಿ ಏಳುತ್ತವೋ ಅಲ್ಲೇ ಜೆಟ್ ಬಂದು ಕೂರುತ್ತದೆ.

ಒಂದು ವಿಷಯ ಮುಚ್ಚಿಡಬಾರದು. ಇದೇ ಸುಳಿಗಳು ಬಿಸಿಯನ್ನು ಧ್ರುವದ ಕಡೆ ಒಯ್ದು, ಚಳಿಯನ್ನು ಇತ್ತ ತಂದು, ಜೆಟ್ಟಿಗೆ ಆಧಾರವಾದ ತಾಪಮಾನದ ಅಂತರವನ್ನು ಸವೆಸುತ್ತಲೂ ಇರುತ್ತವೆ. ಒಂದು ಕೈಯಲ್ಲಿ ಕಟ್ಟುವುದು, ಇನ್ನೊಂದು ಕೈಯಲ್ಲಿ ಬಿಚ್ಚುವುದು. ಆ ಕ್ಷಣಕ್ಕೆ ಯಾವ ಕೈ ಮೇಲಾಯಿತು ಅನ್ನುವುದರ ಮೇಲೆ ಜೆಟ್ ಬಲವಾಗುತ್ತದೋ ಸೊರಗುತ್ತದೋ ತೀರ್ಮಾನವಾಗುತ್ತದೆ. ಲೆಕ್ಕಾಚಾರ ಕಷ್ಟವಾಗುವುದೂ ಇಲ್ಲೇ.

ಪ್ರಶ್ನೆ: ಒಂದು ಬಿರುಗಾಳಿ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಆದರೆ ಜೆಟ್ ಸ್ಟ್ರೀಮ್ ವಾರಗಟ್ಟಲೆ ಉತ್ತರಕ್ಕೋ ದಕ್ಷಿಣಕ್ಕೋ ಸರಿದು ಅಲ್ಲೇ ಇರುತ್ತದಂತೆ. ಇಷ್ಟು ಬೇಗ ಸಾಯುವ ಸುಳಿಗಳಿಗೂ ಅಷ್ಟು ನಿಧಾನದ ಬದಲಾವಣೆಗೂ ಹೇಗೆ ಸಂಬಂಧ?

ಉತ್ತರ: ಒಂದು ನಾಣ್ಯ ತೆಗೆದುಕೊಳ್ಳಿ. ಮೇಲಕ್ಕೆ ಚಿಮ್ಮಿ, ಒಂದು ಮುಖ ಬಿದ್ದರೆ ಬಲಕ್ಕೆ ಒಂದು ಹೆಜ್ಜೆ, ಇನ್ನೊಂದು ಬಿದ್ದರೆ ಎಡಕ್ಕೆ. ಪ್ರತಿ ಚಿಮ್ಮುವಿಕೆಯೂ ಹಿಂದಿನದನ್ನು ಮರೆತಿರುತ್ತದೆ, ಆದರೆ ನೀವು ನಿಂತ ಜಾಗ ಮರೆಯುವುದಿಲ್ಲ. ಸುಮಾರು ಹೊತ್ತು ಒಂದೇ ಕಡೆ ಉಳಿದುಬಿಡುವುದು ಸಹಜ. ಜೆಟ್ ಕೂಡ ಹಾಗೆ ಸುಳಿಗಳ ತಳ್ಳುಗಳನ್ನು ಕೂಡಿಸಿಕೊಳ್ಳುತ್ತಾ ಅಲೆಯುತ್ತದೆ. ನೆಲದ ಘರ್ಷಣೆ ಮಾತ್ರ ಅದನ್ನು ಮೆಲ್ಲಗೆ ಮೊದಲಿನ ಜಾಗಕ್ಕೆ ಎಳೆಯುತ್ತಿರುತ್ತದೆ.

ಇಷ್ಟೇ ಆಗಿದ್ದರೆ ಘರ್ಷಣೆ ಎಷ್ಟು ದಿನದಲ್ಲಿ ಗಾಳಿಯನ್ನು ತಗ್ಗಿಸುತ್ತದೋ ಅಷ್ಟೇ ದಿನ ಜೆಟ್ಟಿನ ನೆನಪು ಇರಬೇಕಿತ್ತು. ದಕ್ಷಿಣ ಗೋಳಾರ್ಧದಲ್ಲಿ, ಅಡ್ಡಿಗೆ ದೊಡ್ಡ ಭೂಭಾಗಗಳು ಕಡಿಮೆ ಇರುವ ಕಡೆ, ಇದನ್ನು ಚೆನ್ನಾಗಿ ಪರೀಕ್ಷಿಸಬಹುದು. 2001ರಲ್ಲಿ ಡೇವಿಡ್ ಲೊರೆನ್ಸ್ ಮತ್ತು ಡೆನ್ನಿಸ್ ಹಾರ್ಟ್‌ಮನ್ ಹಾಗೆ ನೋಡಿದಾಗ, ಜೆಟ್ ಒಂದು ಕಡೆ ಸರಿದ ಮೇಲೆ ಸುಳಿಗಳು ಅದನ್ನು ಅಲ್ಲೇ ಹಿಡಿದಿಡುವ ಹಾಗೆ ತಳ್ಳುತ್ತಿರುವುದು ಕಂಡಿತು. ಜೆಟ್ ಸರಿದರೆ ಸುಳಿಗಳೂ ಸರಿಯುತ್ತವೆ, ಸರಿದ ಸುಳಿಗಳು ಜೆಟ್ಟಿಗೆ ಅಲ್ಲೇ ಸಂವೇಗ ತುಂಬುತ್ತವೆ. ಸುಳಿಗಳು ಅಲ್ಲೇ ಮತ್ತೆ ಹುಟ್ಟುವುದು ಯಾಕೆ ಅನ್ನುವುದಕ್ಕೆ ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಹೀಗಿದೆ. ಸುಳಿಗಳು ಕಟ್ಟಿದ ಜೆಟ್ ನೆಲದ ತನಕ ಇಳಿಯುತ್ತದೆ, ನೆಲ ಅದನ್ನು ಕೆಳಗಿನಿಂದ ಹಿಡಿದೆಳೆಯುತ್ತದೆ. ಮೇಲೆ ಜೋರು, ಕೆಳಗೆ ನಿಧಾನ. ಈ ಮೇಲು ಕೆಳಗಿನ ವ್ಯತ್ಯಾಸದ ಜೊತೆಗೆ ಅಲ್ಲಿ ಬಿಸಿ ಚಳಿಯ ಅಂತರವೂ ಮತ್ತೆ ಚೂಪಾಗುತ್ತದೆ. ಹೊಸ ಸುಳಿ ಹುಟ್ಟಲು ಬೇಕಾದದ್ದು ಅದೇ. ಘರ್ಷಣೆ ಅಂದರೆ ಬರೀ ಕಸಿದುಕೊಳ್ಳುವುದು ಅಂತ ತಿಳಿದಿರುತ್ತೇವೆ. ಇಲ್ಲಿ ಅದು ಮುಂದಿನ ಸುಳಿಗೆ ಜಾಗ ಹಸನು ಮಾಡಿಕೊಡುತ್ತದೆ.

ಉತ್ತರದಲ್ಲಿ ಇದರ ಪ್ರಸಿದ್ಧ ರೂಪ ಉತ್ತರ ಅಟ್ಲಾಂಟಿಕ್ ಆಂದೋಲನ. 1920ರ ದಶಕದಲ್ಲಿ ಗಿಲ್ಬರ್ಟ್ ವಾಕರ್ ಕೊಟ್ಟ ಹೆಸರು ಅದು. ಐಸ್‌ಲ್ಯಾಂಡ್ ಬಳಿ ಒತ್ತಡ ಇಳಿದು ಅಜೋರ್ಸ್ ದ್ವೀಪಗಳ ಬಳಿ ಏರಿದರೆ ಜೆಟ್ ಬಲವಾಗಿ ಉತ್ತರಕ್ಕೆ ಸರಿದಿರುತ್ತದೆ. ಉತ್ತರ ಯುರೋಪಿಗೆ ಮಳೆಯ, ಅಷ್ಟೇನೂ ಚಳಿಯಿಲ್ಲದ ಚಳಿಗಾಲ. ತಿರುಗುಮುರುಗಾದರೆ ಚಳಿ ಕೊರೆಯುತ್ತದೆ. 2009-10ರ ಚಳಿಗಾಲದಲ್ಲಿ ಈ ಎರಡನೇ ಸ್ಥಿತಿ ತಿಂಗಳುಗಟ್ಟಲೆ ಪಟ್ಟು ಹಿಡಿದು ಕೂತಿತ್ತು. ಅಲೆಗಳು ಯಾವ ಕಡೆಗೆ ಮಗುಚಿ ಒಡೆಯುತ್ತವೆ ಅನ್ನುವುದಕ್ಕೂ ಇದಕ್ಕೂ ನೇರ ನಂಟಿದೆ: ಜೆಟ್ಟಿನ ದಕ್ಷಿಣದಲ್ಲಿ ಒಡೆದರೆ ಅದನ್ನು ಉತ್ತರಕ್ಕೆ ನೂಕುತ್ತವೆ, ಉತ್ತರದಲ್ಲಿ ಒಡೆದರೆ ದಕ್ಷಿಣಕ್ಕೆ.

ಪ್ರಶ್ನೆ: ಹಾಗಾದರೆ ಜೆಟ್ ಜೋರಾದಷ್ಟೂ ಬಿರುಗಾಳಿಗಳೂ ಜೋರಾಗಬೇಕು, ಅಲ್ಲವೇ?

ಉತ್ತರ: ಹೆಚ್ಚಿನ ಕಡೆ ಹೌದು. 2020ರ ಫೆಬ್ರವರಿ 8ರಂದು ನ್ಯೂಯಾರ್ಕಿನಿಂದ ಲಂಡನ್‌ಗೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 4 ಗಂಟೆ 56 ನಿಮಿಷದಲ್ಲಿ ತಲುಪಿತಲ್ಲ, ಆಗ ಬೆನ್ನಿಗೆ ಇದ್ದದ್ದು ವಿಪರೀತ ಬಲದ ಜೆಟ್, ಮತ್ತು ಅದೇ ಹೊತ್ತಿಗೆ ಬ್ರಿಟನ್ನನ್ನು ಕಿಯಾರಾ ಬಿರುಗಾಳಿ ಬಡಿಯುತ್ತಿತ್ತು.

ಆದರೆ ಪೆಸಿಫಿಕ್‌ನಲ್ಲಿ ಈ ಸೂತ್ರ ಮುರಿದುಬೀಳುತ್ತದೆ. ಅಲ್ಲಿಯ ಜೆಟ್ ಜನವರಿಯಲ್ಲಿ ಎಲ್ಲಕ್ಕಿಂತ ಬಲವಾಗಿರುತ್ತದೆ, ಬಿರುಗಾಳಿಗಳ ಬಲ ಮಾತ್ರ ನವೆಂಬರ್ ಮತ್ತು ಏಪ್ರಿಲ್ ಆಸುಪಾಸಿಗಿಂತ ಕಡಿಮೆ ಇರುತ್ತದೆ. 1992ರಲ್ಲಿ ಹಿಸಾಶಿ ನಕಾಮುರಾ ಇದನ್ನು ಎತ್ತಿ ತೋರಿಸಿದರು. ಜೆಟ್ಟಿನ ವೇಗ ಸೆಕೆಂಡಿಗೆ ಸುಮಾರು 45 ಮೀಟರ್ ಆಗುವ ತನಕ ಸುಳಿಗಳೂ ಬಲಗೊಳ್ಳುತ್ತವೆ, ಅದನ್ನು ದಾಟಿದರೆ ಸೊರಗುತ್ತವೆ. ಅಷ್ಟು ವೇಗದಲ್ಲಿ ಸುಳಿ ಬೆಳೆಯುವ ಮೊದಲೇ ಬೆಳೆಯುವ ಜಾಗದಿಂದ ಹೊರಕ್ಕೆ ಕೊಚ್ಚಿಹೋಗುತ್ತದೆ ಅನ್ನುವುದು ಒಂದು ಕಾರಣ. ನಡು ಚಳಿಗಾಲದಲ್ಲಿ ಆ ಜೆಟ್ ಕಿರಿದಾಗಿ ಸಮಭಾಜಕದ ಕಡೆ ಸರಿದಿರುತ್ತದೆ, ಸುಳಿಗಳ ಪಾಲಿಗೆ ಅದು ಒಳ್ಳೆಯ ನೆಲೆಯಲ್ಲ ಅನ್ನುವುದು ಇನ್ನೊಂದು. ಒಂದೇ ಕಾರಣ ಸಾಕು ಅಂತ ನನಗೆ ಅನಿಸುವುದಿಲ್ಲ.

ಪ್ರಶ್ನೆ: 2010ರಲ್ಲಿ ರಷ್ಯಾದಲ್ಲಿ ಬಂದ ಭಾರೀ ಬಿಸಿಗಾಳಿಗೆ ಜೆಟ್ ಸ್ಟ್ರೀಮ್ ತಡೆದು ನಿಂತದ್ದೇ ಕಾರಣ ಅಂತ ಕೇಳಿದ್ದೇನೆ. ಗಾಳಿ ತಡೆದು ನಿಲ್ಲುವುದು ಅಂದರೇನು?

ಉತ್ತರ: ಅದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ಜೆಟ್ ಕವಲೊಡೆದು, ನಡುವೆ ಒಂದು ದೊಡ್ಡ ಹೆಚ್ಚು ಒತ್ತಡದ ಸುತ್ತು ಬಂಡೆಯ ಹಾಗೆ ಕೂತುಬಿಡುತ್ತದೆ. ಆ ವರ್ಷ ಜುಲೈ, ಆಗಸ್ಟ್‌ನಲ್ಲಿ ಪಶ್ಚಿಮ ರಷ್ಯಾದ ಮೇಲೆ ಅದು ವಾರಗಟ್ಟಲೆ ಕದಲಲಿಲ್ಲ. ಜುಲೈ 29ರಂದು ಮಾಸ್ಕೋದಲ್ಲಿ 38.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದೇ ದಿನಗಳಲ್ಲಿ ಪಾಕಿಸ್ತಾನದಲ್ಲಿ ಭೀಕರ ಪ್ರವಾಹ ಬಂದಿತ್ತು. ಎರಡಕ್ಕೂ ಮೇಲ್ಮಟ್ಟದ ಆ ಒಂದೇ ಅಲೆಯ ನಂಟು ಇತ್ತು.

ಇಲ್ಲೂ ಸುಳಿಗಳ ಕೈವಾಡ ಇದೆ. ಬಂಡೆಯ ಕಡೆಗೆ ಬರುವ ಸಣ್ಣ ಸುಳಿಗಳು ಜೆಟ್ ಕವಲೊಡೆಯುವ ಜಾಗದಲ್ಲಿ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಎಳೆಯಲ್ಪಡುತ್ತವೆ. ಹಾಗೆ ಎಳೆದಾಗ ಅವುಗಳ ತಳ್ಳು ಪಶ್ಚಿಮ ಗಾಳಿಗೆ ವಿರುದ್ಧವಾಗಿ ತಿರುಗುತ್ತದೆ, ಅಂದರೆ ತಡೆಯನ್ನೇ ಗಟ್ಟಿ ಮಾಡುತ್ತದೆ. 1983ರಲ್ಲಿ ಗ್ಲೆನ್ ಷಟ್ಸ್ ಈ ವಿವರಣೆ ಕೊಟ್ಟರು. ಓಡುವ ಜೆಟ್ಟಿಗೆ ಬಲ ಕೊಡುವ ಸುಳಿಗಳೇ ನಿಂತ ತಡೆಗೂ ಬಲ ಕೊಡುತ್ತವೆ. ಹರಿವು ಅವುಗಳನ್ನು ಯಾವ ಕಡೆಗೆ ಎಳೆಯಿತು ಅನ್ನುವುದಷ್ಟೇ ವ್ಯತ್ಯಾಸ.

ಪ್ರಶ್ನೆ: ಭೂಮಿ ಬಿಸಿಯಾದರೆ ಜೆಟ್ ಸ್ಟ್ರೀಮ್ ದುರ್ಬಲವಾಗುತ್ತದಾ?

ಉತ್ತರ: ಇಲ್ಲಿ ಹಗ್ಗಜಗ್ಗಾಟ ನಡೆದಿದೆ. ಆರ್ಕ್ಟಿಕ್ ಬೇಗ ಬಿಸಿಯಾಗುತ್ತಿರುವುದರಿಂದ ನೆಲದ ಹತ್ತಿರ ಬಿಸಿ ಚಳಿಯ ಅಂತರ ಕುಗ್ಗುತ್ತಿದೆ. ಆದರೆ ಉಷ್ಣವಲಯದ ಮೇಲ್ಮಟ್ಟವೂ ಹೆಚ್ಚು ಬಿಸಿಯಾಗುವುದರಿಂದ ಹತ್ತು ಕಿಲೋಮೀಟರ್ ಎತ್ತರದಲ್ಲಿ ಅದೇ ಅಂತರ ಹಿಗ್ಗುತ್ತದೆ. ಒಂದು ಎಳೆತ ಜೆಟ್ಟನ್ನು ಸಮಭಾಜಕದ ಕಡೆಗೆ, ಇನ್ನೊಂದು ಧ್ರುವದ ಕಡೆಗೆ. ಆರ್ಕ್ಟಿಕ್ ಬಿಸಿಯಿಂದ ಜೆಟ್ ಹೆಚ್ಚು ಅಂಕುಡೊಂಕಾಗುತ್ತದೆ ಅನ್ನುವ ವಾದ ಸುದ್ದಿಗಳಲ್ಲಿ ತೀರ್ಮಾನವಾದ ಹಾಗೆ ಬರುತ್ತದೆ. ಸಂಶೋಧಕರ ನಡುವೆ ಅದು ಇನ್ನೂ ಚರ್ಚೆಯಲ್ಲೇ ಇದೆ.

ಸ್ಪಷ್ಟವಾಗಿ ಗೊತ್ತಿರುವುದು ದಕ್ಷಿಣದ ಕಥೆ. ಅಂಟಾರ್ಕ್ಟಿಕಾದ ಮೇಲೆ ಓಜೋನ್ ರಂಧ್ರ ಆದಾಗ ಅಲ್ಲಿಯ ಸ್ತರಗೋಳ, ಅಂದರೆ ಜೆಟ್ಟಿಗಿಂತ ಮೇಲಿನ ಗಾಳಿಯ ಪದರ, ತಣ್ಣಗಾಯಿತು, 20ನೇ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣದ ಬೇಸಿಗೆಯ ಜೆಟ್ ಧ್ರುವದ ಕಡೆ ಸರಿಯಿತು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಜೋನ್ ಸವೆಸುವ ರಾಸಾಯನಿಕಗಳು ತಗ್ಗಿದವು, 2000ದ ಸುಮಾರಿಗೆ ಆ ಸರಿಯುವಿಕೆಯೂ ನಿಂತಿತು. ಮನುಷ್ಯರು ಒಪ್ಪಿಕೊಂಡು ಮಾಡಿದ ಒಂದು ಕೆಲಸ ಗಾಳಿಯ ದಾರಿಯಲ್ಲಿ ಕಾಣಿಸಿಕೊಂಡಿತು ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ.

ಪ್ರಶ್ನೆ: ಇದನ್ನೆಲ್ಲ ನಾವೇ ನೋಡಲು ದಾರಿ ಇದೆಯೇ?

ಉತ್ತರ: ಇದೆ, ದುಡ್ಡೂ ಬೇಕಿಲ್ಲ. ಗಾಳಿಯ ನಕ್ಷೆ ತೋರಿಸುವ ಜಾಲತಾಣಗಳಲ್ಲಿ ಎತ್ತರ ಆರಿಸುವ ಕಡೆ 250 ಹೆಕ್ಟೊಪ್ಯಾಸ್ಕಲ್ ಅಂತ ಇಟ್ಟುಕೊಳ್ಳಿ, ಅದು ಸುಮಾರು ಹತ್ತು ಕಿಲೋಮೀಟರ್ ಎತ್ತರ. ಉತ್ತರ ಅಟ್ಲಾಂಟಿಕ್ ಅಥವಾ ದಕ್ಷಿಣ ಮಹಾಸಾಗರ ನೋಡಿ. ಜೆಟ್ ಅಂಕುಡೊಂಕಾಗಿ ಹೊರಳುವ ಜಾಗದಲ್ಲಿ ತಗ್ಗಿನ (ಸಮಭಾಜಕದ ಕಡೆ ಬಾಗಿದ ಡೊಂಕಿನ) ನಡುಗೆರೆ ಯಾವ ಕಡೆಗೆ ಓರೆಯಾಗಿದೆ ಅಂತ ಒಂದು ಹಾಳೆಯಲ್ಲಿ ಗೀಚಿಕೊಳ್ಳಿ. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ, ಹೀಗೆ ಐದಾರು ದಿನ. ಉತ್ತರ ಗೋಳಾರ್ಧದಲ್ಲಾದರೆ ದಕ್ಷಿಣ ಮಗ್ಗುಲಿನ ಗೆರೆ ಈಶಾನ್ಯಕ್ಕೆ ವಾಲಿರುವುದು, ದಿನ ಕಳೆದ ಹಾಗೆ ಉದ್ದವಾಗಿ ತೆಳ್ಳಗಾಗುವುದು, ಕೊನೆಗೆ ಮಗುಚಿ ತುಂಡಾಗುವುದು ಕಾಣುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಲೆಕೆಳಗಾಗಿರುತ್ತದೆ, ಅದನ್ನು ಮರೆಯಬೇಡಿ. ಗೆರೆ ಮಗುಚಿದ ಮರುದಿನ ಜೆಟ್ಟಿನ ಗಾಢ ಬಣ್ಣದ ಪಟ್ಟಿ ಎಷ್ಟು ಡಿಗ್ರಿ ಸರಿದಿದೆ ಅಂತ ಅಳೆಯಿರಿ. ಗೀಚಿದ ಹಾಳೆಗಳನ್ನು ನನಗೆ ಕಳಿಸಿದರೆ ಕೂತು ನೋಡುತ್ತೇನೆ.